ಬಿಟ್ಟ ಮೆಟ್ಟಿಲಿನಿಂದಲೇ: ಯಲಬುರ್ಗಾ ಸೀಮೆಯಲ್ಲಿ ಕಲಿಕೆಯ ಲೆಕ್ಕ

ಬೇವೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಗ್ರಾಮ. ಬಾಗಲಕೋಟೆಯ ಕಡೆಗೂ ಇದೇ ಹೆಸರಿನ ಊರೊಂದುಂಟು. ಇಲ್ಲಿ ಪ್ರಸ್ತಾಪಿಸುತ್ತಿರುವುದು ಅದನ್ನಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ನೆಲೆಸಿದ ನಾಡಿನ ಎಲ್ಲೆಗಳಲ್ಲಿ ಒಂದಾಗಿ ಕೊಪಣವನ್ನು ಹೆಸರಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳ, ಜೈನರ ಪ್ರಾಚೀನ ತೀರ್ಥ. ಬೇವೂರಿನ ಸೀಮೆ ಅದಕ್ಕೆ ಹತ್ತಿಕೊಂಡೇ ಇದೆ.

ಇಂತಹ ನೆಲದ ಮಕ್ಕಳೇ ಮುಂದೆ ತಮ್ಮ ನುಡಿಯಲ್ಲಿ ಮೇಲಿನ ವಿದ್ಯೆ ಪಡೆಯಲಾರದ ಸ್ಥಿತಿಗೆ ಬಂದರೆಂಬುದು ಚರಿತ್ರೆಯ ವಿಪರ್ಯಾಸ. ನಿಜಾಮರ ರಾಜ್ಯದಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿದು, 1956ರಲ್ಲಿ ಈ ಭಾಗ ಏಕೀಕೃತ ಮೈಸೂರು ರಾಜ್ಯವನ್ನು ಸೇರಿತು. ಶಾಲೆಗಳು ಬಂದವು, ಹಾಜರಿ ಪುಸ್ತಕಗಳು ತುಂಬಿದವು. ಆದರೂ 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಯಲಬುರ್ಗಾ, ಕುಷ್ಟಗಿ ಎರಡೂ ಆ ಪಟ್ಟಿಯಲ್ಲಿದ್ದವು.

ಶಾಲೆಗೆ ಎಷ್ಟು ಮಕ್ಕಳು ಬಂದರೆಂಬ ಲೆಕ್ಕವಿತ್ತು. ಬಂದ ಮಗು ಏನು ಕಲಿಯಿತೆಂಬ ಲೆಕ್ಕವಿರಲಿಲ್ಲ. ಸರಕು ಗೋದಾಮಿಗೆ ಬಂದುದನ್ನಷ್ಟೇ ಬರೆದಿಟ್ಟು, ಮಾರಾಟವಾದುದನ್ನು ಬರೆಯದ ಕಿರ್ದಿಯಂತೆ. ಈ ಕೊರತೆಯನ್ನು ನೇರವಾಗಿ ಎದುರಿಸಿದ ಪ್ರಯತ್ನವೊಂದು 2002ರಿಂದ 2005ರವರೆಗೆ ಕೊಪ್ಪಳವೂ ಸೇರಿದಂತೆ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ನಡೆಯಿತು. ರಾಜ್ಯ ಸರ್ಕಾರವೂ ಅಜೀಂ ಪ್ರೇಮ್‌ಜೀ ಪ್ರತಿಷ್ಠಾನವೂ ಕೂಡಿ ನಡೆಸಿದ ಈ ಕಲಿಕಾ ಖಾತರಿ ಯೋಜನೆಯಲ್ಲಿ ಸರ್ಕಾರಿ ಶಾಲೆಗಳು ತಾವಾಗಿಯೇ ಮುಂದೆ ಬಂದು ಪರೀಕ್ಷೆಗೆ ಒಡ್ಡಿಕೊಂಡವು. ದಾಖಲಾತಿ, ಹಾಜರಾತಿ, ಕಲಿಕೆ ಎಂಬ ಮೂರನ್ನೂ ಅಳೆಯಲಾಯಿತು. ಬಾಯಿಪಾಠವನ್ನಲ್ಲ, ತಿಳಿವಳಿಕೆಯನ್ನು ಪರೀಕ್ಷಿಸುವ ಪ್ರಶ್ನೆಗಳಿದ್ದವು. ಮೊದಲೆರಡು ಅಂಕಣಗಳಲ್ಲಿ ಗೆದ್ದ ಎಷ್ಟೋ ಶಾಲೆಗಳು ಮೂರನೆಯದರಲ್ಲಿ ಎಡವಿದವು. ಅದನ್ನು ಮುಚ್ಚಿಡದೆ ಒಪ್ಪಿಕೊಂಡ ಶಿಕ್ಷಕರ ಧೈರ್ಯ ಬಹುಮಾನಕ್ಕಿಂತ ದೊಡ್ಡದು.

ಅಳೆಯುವುದು ಒಂದು, ಕಲಿಸುವ ಬಗೆಯನ್ನು ಬದಲಿಸುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ಬೀಜ ಬಿದ್ದದ್ದು ದೂರದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಅಲ್ಲಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿಯ ಬಳಿಯ ರಿಷಿವ್ಯಾಲಿಗೆ ಹೋಗಿ, ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿಯ ಏಕೋಪಾಧ್ಯಾಯ ಶಾಲೆಗಳಿಗಾಗಿ ರೂಪಿಸಿದ್ದ ಪದ್ಧತಿಯನ್ನು ಕಣ್ಣಾರೆ ಕಂಡುಬಂದರು. ಕಂಡದ್ದನ್ನು ಹಾಗೆಯೇ ನಕಲು ಮಾಡದೆ, ತಮ್ಮ ಮಕ್ಕಳಿಗೆ ತಕ್ಕಂತೆ ಕನ್ನಡದಲ್ಲಿ ಕಾರ್ಡುಗಳನ್ನೂ ಹಾಡುಗಳನ್ನೂ ತಾವೇ ರಚಿಸಿದರು. ಅದೇ ನಲಿ-ಕಲಿ. ಸಂಶೋಧನೆಯೆಂದರೆ ವಿಶ್ವವಿದ್ಯಾಲಯದ ಪ್ರಬಂಧವೆಂದೇ ತಿಳಿದವರು ಈ ಪ್ರಾಥಮಿಕ ಶಾಲಾ ಶಿಕ್ಷಕರನ್ನು ಸಂಶೋಧಕರೆಂದು ಕರೆಯಲು ಹಿಂಜರಿದಾರು, ಹಿಂಜರಿಯಬೇಕಾದ ಕಾರಣವಿಲ್ಲ.

ಅದರ ಕ್ರಮ ಹೀಗೆ. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ಕಲಿಕಾ ಏಣಿಯನ್ನು ತೂಗುಹಾಕುತ್ತಾರೆ. ಚಿತ್ರದ ಗುರುತಿನಿಂದ ಮಗು ತನ್ನ ಕಾರ್ಡನ್ನು ತಾನೇ ಆರಿಸಿಕೊಳ್ಳುತ್ತದೆ. ತರಗತಿಯಲ್ಲಿ ಐದು ಗುಂಪುಗಳು: ಒಂದರಲ್ಲಿ ಶಿಕ್ಷಕರ ಪೂರ್ಣ ನೆರವು, ಮತ್ತೊಂದರಲ್ಲಿ ಭಾಗಶಃ, ಮುಂದಿನ ಎರಡರಲ್ಲಿ ಗೆಳೆಯರ ನೆರವು, ಕೊನೆಯದರಲ್ಲಿ ಸ್ವಂತ ಕಲಿಕೆ. ಬಲ್ಲ ಮಗು ಅರಿಯದ ಮಗುವಿಗೆ ಹೇಳಿಕೊಡುವ ಈ ರೀತಿ ನಮ್ಮ ದೇಶಕ್ಕೆ ಹೊಸತೇನಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬಾತ ಮಲಬಾರಿನ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಶಾಲೆಯಲ್ಲಿ ಅಳವಡಿಸಿ, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದ್ದ. ನಮ್ಮದೇ ಮರಳು ಇಂಗ್ಲೆಂಡಿಗೆ ಹೋಗಿ ಪದ್ಧತಿಯಾಯಿತು!

2009-10ರಿಂದ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ವ್ಯಾಪಿಸಿತು. ಯಲಬುರ್ಗಾ ಸೀಮೆಗೆ ಇದು ಎಷ್ಟು ಸಲ್ಲುವುದೆಂಬುದನ್ನು ಅರಿಯಲು ಗುಳೆಯನ್ನು ನೆನೆಯಬೇಕು. ಮಳೆ ಕೈಕೊಟ್ಟ ವರ್ಷ ತಂದೆತಾಯಿ ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ದುಡಿಯಲು ಹೊರಟರೆ ಮಗುವೂ ಗಂಟಿನೊಡನೆ ಹೊರಡುತ್ತದೆ. ತಿಂಗಳುಗಳ ಬಳಿಕ ಮರಳಿದಾಗ ಹಳೆಯ ಪದ್ಧತಿಯಲ್ಲಿ ಪಾಠ ಹತ್ತು ಅಧ್ಯಾಯ ಮುಂದೆ ಸಾಗಿರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೆಲದಿನ ಮೌನವಾಗಿ ಕುಳಿತ ಮಗು ಆಮೇಲೆ ಬರುವುದನ್ನೇ ಬಿಡುತ್ತಿತ್ತು. ಅದನ್ನು ದಡ್ಡನೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಹಾಗೆ ಕರೆಯುವುದೂ ಒಂದು ಹಿಂಸೆಯೇ. ಏಣಿಯ ಪದ್ಧತಿಯಲ್ಲಾದರೋ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು.

ದೋಷಗಳಿಲ್ಲವೆಂದಲ್ಲ. ಕಾರ್ಡು ಹರಿದರೆ, ಕಳೆದರೆ ಏಣಿಯ ಮೆಟ್ಟಿಲೇ ಮುರಿದಂತೆ. ಹಲವು ಮಟ್ಟದ ಮಕ್ಕಳನ್ನು ಏಕಕಾಲದಲ್ಲಿ ನೋಡಿಕೊಳ್ಳುವ ಶಿಕ್ಷಕನಿಗೆ ದಾಖಲೆ ಬರೆಯುವ ಹೊರೆ ಬೇರೆ. ಮೇಲಿನ ತರಗತಿಗೆ ಹೋದೊಡನೆ ಮಗು ಮತ್ತೆ ಪಠ್ಯಪುಸ್ತಕದ ಹಳೆಯ ದಾರಿಗೇ ಬೀಳುತ್ತದೆ. ಅಲ್ಲಿ ಗಣಿತದ ಮಟ್ಟಿಗೆ ಸ್ವಲ್ಪ ನೆರವಾದುದು ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನ. ನಾಲ್ಕು, ಐದನೆಯ ತರಗತಿಗಳಿಗೆ ಮಣಿಕಟ್ಟಿನಂತಹ ಸಾಧನಗಳ ಪೆಟ್ಟಿಗೆಯನ್ನಿತ್ತು, ಮೊದಲು ಕೈಯಿಂದ, ಬಳಿಕ ಚಿತ್ರದಿಂದ, ಕೊನೆಗೆ ಅಂಕಿಯಿಂದ ಲೆಕ್ಕ ಕಲಿಸುವ ಕ್ರಮವದು. ಗ್ರಾಮ ಪಂಚಾಯತಿಯ ಮಟ್ಟದ ಗಣಿತ ಸ್ಪರ್ಧೆಗಳಲ್ಲಿ ಮಗುವಿನ ಅಂಕವನ್ನು ಊರೇ ನೋಡಿತು.

ದಾನದ ವಿಷಯದಲ್ಲಿಯೂ ಇದೇ ಮಾತು. ಇಲ್ಲಿಗೆ ದೂರವಲ್ಲದ ಲಕ್ಕುಂಡಿಯಲ್ಲಿ 1007ರ ಶಾಸನದಿಂದ ಪ್ರಸಿದ್ಧಳಾದ ಅತ್ತಿಮಬ್ಬೆಯು ಬಸದಿಗಳನ್ನು ಕಟ್ಟಿಸಿದ್ದಷ್ಟೇ ಅಲ್ಲದೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಇಂದು ಶಾಲೆಗೆ ಕೋಣೆ ಕಟ್ಟಿಸಿದ ದಾನಿಗಳ ಹೆಸರು ಕಲ್ಲಿನಲ್ಲಿ ಸಿಗುತ್ತದೆ. ಕಾರ್ಡುಗಳ ಹೊಸ ಪ್ರತಿ ಮಾಡಿಸಿಕೊಟ್ಟವರ ಹೆಸರು ಕಾಣುವುದು ಅಪರೂಪ.

ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಗುಳೆಯ ಮಗುವಿನ ಕಷ್ಟ ನಾಡಿನ ಎಲ್ಲ ಮಕ್ಕಳ ಕಷ್ಟವಾಯಿತು. 2022-23ರಲ್ಲಿ ಸರ್ಕಾರ ಕಲಿಕಾ ಚೇತರಿಕೆಯೆಂಬ ಕಾರ್ಯಕ್ರಮವನ್ನೇ ಹಮ್ಮಿಕೊಂಡು, ತರಗತಿ ಯಾವುದೇ ಇರಲಿ, ಮಗು ನಿಂತಲ್ಲಿಂದ ಕಲಿಸಬೇಕೆಂದಿತು. ಇತ್ತ 2021ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ತಯಾರಿಕಾ ಸಮುಚ್ಚಯಕ್ಕೆ ಶಂಕುಸ್ಥಾಪನೆಯಾಗಿತ್ತು. ಗುಳೆ ಹೋಗದೆ ಜಿಲ್ಲೆಯೊಳಗೇ ದುಡಿಯುವ ಅವಕಾಶ ಅಲ್ಲುಂಟು. ಆದರೆ ಅಳತೆಯ ಪಟ್ಟಿ ಹಿಡಿಯಲು, ಸೂಚನೆಯ ಹಾಳೆ ಓದಲು ಬರಬೇಕು.