ಕಂಪ ಮತ್ತು ಸ್ತಂಭ: ಬೀಟಾ ಸ್ಪಂದನದ ಚರಿತ್ರೆಯ ಒಂದು ಪರಿಶೀಲನೆ

ರೋಗಗಳ ಚರಿತ್ರೆಯನ್ನು ಬರೆಯಹೊರಟವರು ಆಸ್ಪತ್ರೆಯ ದಾಖಲೆಗಳಿಂದ ಆರಂಭಿಸುವುದು ವಾಡಿಕೆ. ಆದರೆ ನರಮಂಡಲದ ಕೆಲವು ರೋಗಗಳು ಆಸ್ಪತ್ರೆಯನ್ನು ಸೇರುವುದಕ್ಕೆ ಬಹು ಮೊದಲೇ ಬೀದಿಯಲ್ಲಿ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಹೂವಿನ ರಾಶಿಗಳ ನಡುವಣ ಇಕ್ಕಟ್ಟಾದ ದಾರಿಯಲ್ಲಿ ಒಮ್ಮೆಯಾದರೂ ನಡೆದವರು ಇದನ್ನು ಕಂಡಿರಬಹುದು: ಜನರ ನಡುವೆ ನಡೆಯುತ್ತಿದ್ದ ವೃದ್ಧರೊಬ್ಬರು ಇದ್ದಕ್ಕಿದ್ದಂತೆ ನಿಂತುಬಿಡುತ್ತಾರೆ, ಕಾಲನ್ನು ನೆಲವೇ ಹಿಡಿದುಕೊಂಡಂತೆ ಕಾಣುತ್ತದೆ. ಹಿಂದಿನವರು ಗದರುತ್ತಾರೆ, ಮೂಟೆ ಹೊತ್ತವರು ತಳ್ಳಿಕೊಂಡು ಹೋಗುತ್ತಾರೆ. ಕೈ ನಡುಗಿದರೆ ಮರುಕ ತೋರುವ ಲೋಕವು ಕಾಲು ನಿಂತರೆ ಸೋಮಾರಿತನವೆಂದೋ ಮದ್ಯಪಾನವೆಂದೋ ಬಗೆಯುತ್ತದೆ. ಈ ಭೇದವು ಜನಸಾಮಾನ್ಯರದು ಮಾತ್ರವಲ್ಲ, ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಬಹುಕಾಲ ಉಳಿದುಬಂದಿತೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ನನು ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದನು. ಅದಕ್ಕೆ ಆಧಾರವಾದ ರೋಗಿಗಳು ಆರೇ ಮಂದಿ. ಅವರಲ್ಲಿ ಕೆಲವರನ್ನು ಆತನು ಕಂಡದ್ದು ಬೀದಿಯಲ್ಲಿ, ಒಬ್ಬನನ್ನಂತೂ ದೂರದಿಂದ ಮಾತ್ರ. ಆತನು ಆ ರೋಗಕ್ಕೆ ಕೊಟ್ಟ ಹೆಸರಿನಲ್ಲಿ ನಡುಕವೇ ಮುಂದಾಗಿತ್ತು. ನಮ್ಮ ದೇಶದಲ್ಲಿ ರೂಢಿಗೆ ಬಂದ ಕಂಪವಾತವೆಂಬ ಹೆಸರೂ ನಡುಕವನ್ನೇ ಹೇಳುತ್ತದೆ. ಕಣ್ಣಿಗೆ ಬಿದ್ದ ಲಕ್ಷಣವೇ ಹೆಸರಾಗುವುದು ಸಹಜ. 1870ರ ದಶಕದ ಸುಮಾರಿಗೆ ಪ್ಯಾರಿಸ್ಸಿನ ಷಾರ್ಕೋ ಎಂಬ ವೈದ್ಯನು ಈ ಹೆಸರನ್ನು ಆಕ್ಷೇಪಿಸಿದನು. ರೋಗಿಗಳೆಲ್ಲರೂ ನಡುಗುವುದಿಲ್ಲ, ಸ್ನಾಯುಗಳಲ್ಲಿ ಬಲವಿದ್ದರೂ ಚಲನೆ ನಿಧಾನವಾಗುತ್ತದೆ, ಆದಕಾರಣ ಇದನ್ನು ಪಾರ್ಶ್ವವಾಯುವೆನ್ನಲಾಗದು ಎಂಬುದು ಆತನ ವಾದ. ರೋಗಕ್ಕೆ ಪಾರ್ಕಿನ್ಸನ್ನನ ಹೆಸರೇ ನಿಲ್ಲುವುದಕ್ಕೆ ಕಾರಣನಾದವನೂ ಆತನೇ. ಆದರೆ ನಿಧಾನವನ್ನು ಅಳೆಯುವ ಸಾಧನವು ಆಗ ಇರಲಿಲ್ಲ.

ಆ ಸಾಧನವು ವಿದ್ಯುತ್ತಿನ ಯುಗದಲ್ಲಿ ಬಂದಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಇದಾದ ಎರಡು ದಶಕಗಳೊಳಗೆ, 1924ರಲ್ಲಿ, ಜರ್ಮನಿಯ ಹಾನ್ಸ್ ಬರ್ಗರನು ಮನುಷ್ಯನ ಮಿದುಳಿನ ವಿದ್ಯುತ್ ಏರಿಳಿತಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಅದನ್ನು ಪ್ರಕಟಿಸಿದನು. ನಿಧಾನವಾದ ಅಲೆಗಳಿಗೆ ಆಲ್ಫಾ ಎಂದೂ ಅವಕ್ಕಿಂತ ವೇಗವಾದ ಅಲೆಗಳಿಗೆ ಬೀಟಾ ಎಂದೂ ಆತನು ಹೆಸರಿಟ್ಟನು. ಈಗಿನ ಲೆಕ್ಕದಂತೆ ಬೀಟಾ ಎಂದರೆ ಸೆಕೆಂಡಿಗೆ ಸುಮಾರು 13ರಿಂದ 30 ಬಾರಿ ಆಗುವ ಸ್ಪಂದನ. 1949ರಲ್ಲಿ ಜಾಸ್ಪರ್ ಮತ್ತು ಪೆನ್‌ಫೀಲ್ಡರು ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಮಿದುಳಿನ ಹೊರಪದರದ ಮೇಲೆಯೇ ಇದನ್ನು ದಾಖಲಿಸಿ, ಕೈಯನ್ನು ಆಡಿಸಿದೊಡನೆ ಚಲನಕೇಂದ್ರದ ಬೀಟಾ ಅಡಗುವುದನ್ನು ತೋರಿಸಿದರು. ನಿಶ್ಚಲವಾಗಿರುವಾಗ ಬೀಟಾ ಇರುತ್ತದೆ, ಚಲನೆಗೆ ಮುನ್ನ ತಗ್ಗುತ್ತದೆ, ಚಲನೆ ಮುಗಿದ ಮೇಲೆ ಮರಳುತ್ತದೆ. ಬಾಗಿಲಿನ ಅಗುಳಿಗೆ ಇದನ್ನು ಹೋಲಿಸಬಹುದು: ಅಗುಳಿ ಸರಿಯದೆ ಬಾಗಿಲು ತೆರೆಯದು.

ಈ ಅವಧಿಯಲ್ಲಿ ನಮ್ಮ ನಗರದ ಸ್ಥಿತಿ ಎಂತಿತ್ತು? ಮಾರುಕಟ್ಟೆಯ ಮಗ್ಗುಲಿನ ವಿಕ್ಟೋರಿಯಾ ಆಸ್ಪತ್ರೆಯು 1900ರಲ್ಲಿ ಆರಂಭವಾಯಿತು. 19ನೆಯ ಶತಮಾನದ ಮಧ್ಯಭಾಗದಲ್ಲಿ ಹುಟ್ಟಿದ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1930ರ ದಶಕದಲ್ಲಿ ಈಗಿನ ಹೊಸೂರು ರಸ್ತೆಯ ವಿಶಾಲ ನಿವೇಶನಕ್ಕೆ ಸಾಗಿತು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಸ್ಥಾಪಿತವಾಯಿತು. 1974ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆದವು. ಈ ಸಂಸ್ಥೆಯಲ್ಲಿ ಡಾ. ಆರ್. ಎಂ. ವರ್ಮ ಅವರು ತಲೆಬುರುಡೆಯನ್ನು ತೆರೆಯದೆ, ಕೆನ್ನೆಯ ಮೂಲಕ ಬುರುಡೆಯ ತಳದ ಸಹಜ ರಂಧ್ರದಿಂದ ಸೂಜಿಯನ್ನು ಥಲಾಮಸ್ಸಿಗೆ ಒಯ್ದು ಪಾರ್ಕಿನ್ಸನ್ ರೋಗಿಗಳಿಗೆ ಚಿಕಿತ್ಸೆ ಮಾಡುವ ವಿಧಾನವನ್ನು ರೂಪಿಸಿದರು. ಆ ಕಾಲದಲ್ಲಿ ಲೋಕದ ಇತರೆಡೆ ನಡೆಯುತ್ತಿದ್ದ ಇಂತಹ ಚಿಕಿತ್ಸೆಗಳಂತೆಯೇ ಇದೂ ಮುಖ್ಯವಾಗಿ ನಡುಕವನ್ನು ಗುರಿಯಾಗಿಸಿಕೊಂಡಿತ್ತು. ನಡುಕ ನಿಂತರೂ ನಿಧಾನವು ಉಳಿಯುತ್ತಿತ್ತು.

ನಿಧಾನಕ್ಕೆ ಮದ್ದು ಬೇರೆ ದಾರಿಯಿಂದ ಬಂದಿತು. ಗ್ರಂಥಿಗೆ ಅಂಗಡಿಗಳಲ್ಲಿ ದೊರೆಯುವ ನಸುಗುನ್ನಿಯ ಬೀಜದಿಂದ 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿಯವರು ಬೇರ್ಪಡಿಸಿದ ವಸ್ತುವೇ ಮುಂದೆ ಲೆವೊಡೋಪವೆಂದು ಹೆಸರಾಯಿತು. ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಕ್ಷೀಣಿಸಿರುವುದು 1960ರಲ್ಲಿ ಗೊತ್ತಾಯಿತು. 1967ರಲ್ಲಿ ಕೊಟ್ಜಿಯಾಸನು ಹೆಚ್ಚಿನ ಪ್ರಮಾಣದ ಡೋಪದಿಂದ ಫಲವನ್ನು ತೋರಿಸಿದನು. ಮಿದುಳಿನ ಆಳಕ್ಕೆ ತಂತಿಯನ್ನಿಳಿಸಿ ಪ್ರಚೋದಿಸುವ ಚಿಕಿತ್ಸೆ 1987ರ ತರುವಾಯ ಬೆಳೆಯಿತು. ಆ ತಂತಿಗಳಿಂದಲೇ ದಾಖಲೆಯೂ ಸಾಧ್ಯವಾಯಿತು. 2001ರಲ್ಲಿ ಪೀಟರ್ ಬ್ರೌನ್ ಮತ್ತು ಸಂಗಡಿಗರು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗದಲ್ಲಿ, ಔಷಧಿಯಿಲ್ಲದಾಗ ಬೀಟಾ ಪ್ರಬಲವಾಗಿರುವುದನ್ನೂ ಔಷಧಿ ಕೊಟ್ಟಾಗ ತಗ್ಗುವುದನ್ನೂ ತೋರಿಸಿದರು. 2006ರ ಸಂಶೋಧನೆಯಿಂದ ಇನ್ನೊಂದು ಮುಖ್ಯ ಸಂಗತಿ ವ್ಯಕ್ತವಾಯಿತು: ಬೀಟಾ ತಗ್ಗಿದಷ್ಟೂ ನಿಧಾನವೂ ಬಿಗಿತವೂ ಕಡಮೆಯಾಗುತ್ತವೆ; ನಡುಕಕ್ಕೆ ಅಂತಹ ಸಂಬಂಧ ಕಾಣಲಿಲ್ಲ. ಷಾರ್ಕೋ ಕಣ್ಣಿನಿಂದ ಕಂಡ ಭೇದಕ್ಕೆ ಒಂದೂಕಾಲು ಶತಮಾನದ ಮೇಲೆ ವಿದ್ಯುತ್ತಿನ ಸಾಕ್ಷ್ಯ ದೊರೆತಂತಾಯಿತು.

ಇಷ್ಟರಿಂದ ಬೀಟಾವೇ ರೋಗದ ಕಾರಣವೆಂದು ನಿರ್ಣಯಿಸಬಹುದೆ? ಇತಿಹಾಸಕಾರನು ಇಲ್ಲಿ ಎಚ್ಚರದಿಂದಿರಬೇಕು. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಆರೋಗ್ಯವಂತರ ಚಲನಕೇಂದ್ರಕ್ಕೆ ಸೆಕೆಂಡಿಗೆ 20 ಬಾರಿಯ ಮಂದ ವಿದ್ಯುತ್ತನ್ನು ಕೊಟ್ಟಾಗ ಅವರ ಚಲನೆ ತುಸು ನಿಧಾನವಾದುದು 2009ರಲ್ಲಿ ಕಂಡುಬಂದಿತು. ಇದು ಕಾರಣವಾದದ ಪರವಾದ ಸಾಕ್ಷ್ಯ. ಆದರೆ ಆ ಪರಿಣಾಮವು ಅಲ್ಪ. ರೋಗದ ಮೂಲವು ಡೋಪಮಿನ್ ಕೋಶಗಳ ನಾಶದಲ್ಲಿದೆ. ಬೀಟಾ ಅದರ ಫಲವಾಗಿ ತಲೆದೋರಿ, ತಾನೇ ಮತ್ತೊಂದು ಅಡ್ಡಿಯಾಗುವಂತೆ ತೋರುತ್ತದೆ. ಬೀಟಾವನ್ನು ಅಳೆದು, ಅದು ಏರಿದಂತೆ ಪ್ರಚೋದನೆಯನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರಕ್ಕೆ 2025ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಆದರೆ ಇಂತಹ ಯಂತ್ರಗಳ ಬೆಲೆ ಮಾರುಕಟ್ಟೆಯ ಮೂಟೆ ಹೊರುವವರ ಕೈಗೆ ಎಟುಕುವಂತಹುದಲ್ಲ.

ಮೇಲ್ಕಂಡ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇಷ್ಟು. ಕಂಪವು ತಾನಾಗಿ ಕಣ್ಣಿಗೆ ಬೀಳುತ್ತದೆ, ಸ್ತಂಭವನ್ನು ಹುಡುಕಿ ನೋಡಬೇಕಾಗುತ್ತದೆ. ಹೆಸರು, ಶಸ್ತ್ರಚಿಕಿತ್ಸೆ, ಮರುಕ ಮೂರೂ ಮೊದಲು ಕಂಪದ ಹಿಂದೆ ಹೋದವು. ನಿಂತುಹೋದ ಕಾಲಿಗೆ ಇಕ್ಕಟ್ಟೂ ಅವಸರವೂ ಹಗೆಗಳು. ನೆಲದ ಮೇಲೆ ಎಳೆದ ಒಂದು ಅಡ್ಡಗೆರೆ ಅನೇಕರಿಗೆ ಮುಂದಿನ ಹೆಜ್ಜೆಯನ್ನು ಕೊಡುತ್ತದೆಂಬುದು ವೈದ್ಯರು ಬಲ್ಲ ಸಂಗತಿ. ಆಳದ ತಂತಿ ಎಲ್ಲರಿಗೂ ದೊರೆಯುವ ತನಕ, ಹೂವಿನ ಸಾಲಿನಲ್ಲಿ ನಿಂತುಬಿಟ್ಟ ವೃದ್ಧರನ್ನು ತಳ್ಳದೆ, ಕಾಲಿನ ಮುಂದೆ ಗೆರೆಯೊಂದನ್ನು ತೋರಿಸಿ ಕ್ಷಣಕಾಲ ಕಾಯುವುದಾದರೂ ನಮ್ಮ ಕೈಯಲ್ಲಿದೆ.