ಬಿಡಲು ಅಹಂಕಾರವೆಲ್ಲಿತ್ತು?

1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ, ಕುಡಿತದಿಂದ ನೊಂದಿದ್ದ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಅವರ ಭೇಟಿಯಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿತು. ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು, ಮದ್ಯದ ಮುಂದೆ ತಾನು ಅಶಕ್ತನೆಂಬ ಒಪ್ಪಿಗೆ. ಮುಂದಿನವು ತನಗಿಂತ ಮಿಗಿಲಾದ ಶಕ್ತಿಯನ್ನು ನಂಬಿ, ತನ್ನನ್ನು ಒಪ್ಪಿಸಿಕೊಳ್ಳುವಂಥವು. ಭಕ್ತಿಪರಂಪರೆಯನ್ನು ಬಲ್ಲ ನಮಗೆ ಇದರ ಹೆಸರು ಗೊತ್ತು: ಶರಣಾಗತಿ.

ಆದರೆ ಈ ಮೆಟ್ಟಿಲುಗಳನ್ನು ಕಟ್ಟಿದವರ ಕಣ್ಣಮುಂದಿದ್ದವನು ಗಂಡಸು. 1939ರಲ್ಲಿ ಪ್ರಕಟವಾದ ಮೂಲಗ್ರಂಥದಲ್ಲಿ ಕುಡುಕರ ಹೆಂಡತಿಯರಿಗೆಂದೇ ಒಂದು ಅಧ್ಯಾಯವಿದೆ. ಹೆಂಡತಿಯರ ದನಿಯಲ್ಲಿರುವ ಅದನ್ನು ಬರೆದವರು ಸ್ವತಃ ಬಿಲ್! ವರ್ಷಗಟ್ಟಲೆ ಅವರ ಕುಡಿತವನ್ನು ಸಹಿಸಿ, ದುಡಿದು ಮನೆ ನಡೆಸಿದ್ದ ಪತ್ನಿ ಲೋಯಿಸ್‌ಗೆ ಲೇಖನಿ ಸಿಗಲಿಲ್ಲ. ಆ ನೋವು ಆಕೆಯಲ್ಲಿ ಉಳಿಯಿತು. ಇನ್ನು ಕುಡಿಯುವ ಹೆಣ್ಣಿಗೆ ಅಲ್ಲಿ ದೊರೆತ ಜಾಗ ತೀರ ಕಿರಿದು. ಅದೇ ವರ್ಷ ಕೂಟಕ್ಕೆ ಬಂದ ಮಾರ್ಟಿ ಮಾನ್ ಚೇತರಿಸಿಕೊಂಡು, ಮದ್ಯವ್ಯಸನವು ಕಾಯಿಲೆಯೆಂದು ದೇಶವಿಡೀ ಸಾರಿದರೆಂಬುದನ್ನೂ ಮರೆಯಲಾಗದು.

ಪ್ರಶ್ನೆಯನ್ನು ನೇರವಾಗಿ ಎತ್ತಿದವರು ಪೆನ್ಸಿಲ್ವೇನಿಯದ ಜೀನ್ ಕರ್ಕ್‌ಪ್ಯಾಟ್ರಿಕ್. ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಈಕೆ ಅದೇ ಕೂಟದ ನೆರವಿನಿಂದ ಕೆಲಕಾಲ ಮದ್ಯ ಬಿಟ್ಟಿದ್ದು, ಮತ್ತೆ ಜಾರಿ, ವರ್ಷಗಟ್ಟಲೆ ಕುಡಿದವರು. ಆಕೆಯ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಗಂಡಸಿನ ಅಹಂಕಾರವನ್ನು ಮುರಿಯುವುದು ಮದ್ದಾಗಬಹುದು, ತಾನು ಯಾತಕ್ಕೂ ಬಾರದವಳೆಂದು ನಂಬಿ, ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡು ಕುಡಿಯುವ ಹೆಣ್ಣಿನಲ್ಲಿ ಮುರಿಯಲು ಏನು ಉಳಿದಿದೆ? ನೀನು ಅಶಕ್ತಳೆಂದು ಆಕೆಗೆ ಹೊಸದಾಗಿ ಹೇಳಬೇಕೆ?

1975ರಲ್ಲಿ ಆಕೆ ‘ವಿಮೆನ್ ಫಾರ್ ಸೊಬ್ರೈಟಿ’ ಸ್ಥಾಪಿಸಿದರು. ಮೆಟ್ಟಿಲುಗಳ ಬದಲು ಹದಿಮೂರು ಹೇಳಿಕೆಗಳು ಬಂದವು. ಒಂದು ಕಾಲಕ್ಕೆ ತನ್ನನ್ನು ಹಿಡಿದಿದ್ದ ರೋಗ ಈಗ ತನ್ನ ಹಿಡಿತದಲ್ಲಿದೆಯೆಂಬುದು ಮೊದಲನೆಯದರ ತಾತ್ಪರ್ಯ. ತನ್ನ ಬಾಳಿಗೆ ತಾನೇ ಹೊಣೆಯೆಂಬುದು ಕೊನೆಯದರದು. ಅಧ್ಯಾತ್ಮವನ್ನು ಆಕೆ ಹೊರಗಟ್ಟಲಿಲ್ಲ, ಅದು ನೆಲೆಸುವ ತಾಣವನ್ನು ಬದಲಿಸಿದರು. ಆಕೆಗೆ ಆಸರೆಯಾದದ್ದು ಆತ್ಮವಿಶ್ವಾಸವನ್ನೇ ಧರ್ಮವಾಗಿ ಕಂಡ ಎಮರ್ಸನ್‌ರ ಬರಹ. ಎಮರ್ಸನ್ ಭಗವದ್ಗೀತೆಯನ್ನು ಆದರದಿಂದ ಓದಿದವರು. ತನ್ನನ್ನು ತಾನೇ ಎತ್ತಿಕೊಳ್ಳಬೇಕೆಂಬ ಗೀತೆಯ ಮಾತು ಹೀಗೆ ಅಲ್ಲಿಗೆ ಹೋಯಿತೆಂದು ಸಾಧಿಸಲು ನಾವು ಹೊರಟಿಲ್ಲ. ಆದರೂ ನೆನಪಾಗದೆ ಇರದು.

ಎರಡೂ ಕೂಟಗಳಿಗೆ ಹೋಗುವ ಹೆಂಗಸರಿದ್ದಾರೆ. ಒಂದೆಡೆ ಎದ್ದುನಿಂತು ತಾನು ಮದ್ಯವ್ಯಸನಿಯೆಂದು ಪರಿಚಯ ಹೇಳುವವಳು, ಇನ್ನೊಂದೆಡೆ ತಾನು ಸಮರ್ಥಳಾದ ಹೆಣ್ಣೆಂದು ಹೇಳುತ್ತಾಳೆ.