ವಾಗ್ದಾನವೂ ಹೊಣೆಯೂ: ಬ್ರಿಸ್ಟಲ್‌ನಿಂದ ಕೇಡಗಾಂವ್‌ವರೆಗೆ

ಪುಣೆಯಿಂದ ಸೊಲ್ಲಾಪುರದ ಮೂಲಕ ಕಲಬುರಗಿಯತ್ತ ಸಾಗುವ ರೈಲುಮಾರ್ಗದಲ್ಲಿ, ದೌಂಡ್ ಜಂಕ್ಷನ್ನಿಗೆ ತುಸು ಮೊದಲು, ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣವಿದೆ. ಊರಿಗೆ ಹೋಗಿಬರುವ ಹೊರನಾಡ ಕನ್ನಡಿಗರಾದ ನಾವು ಅದನ್ನು ಎಷ್ಟೋ ಬಾರಿ ದಾಟಿದ್ದೇವೆ. ಇಳಿದು ನೋಡಿದವರು ವಿರಳ. ಕಾರ್ಕಳ ಸೀಮೆಯ ಮಾಳ ಗ್ರಾಮದ ಮನೆತನದಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ತಮ್ಮ ಬದುಕಿನ ಕೊನೆಯ ದಶಕಗಳನ್ನು ಕಳೆದದ್ದು ಇಲ್ಲಿಯ ‘ಮುಕ್ತಿ’ ಸಂಸ್ಥೆಯಲ್ಲಿ. ನಮ್ಮ ಪಠ್ಯಪುಸ್ತಕಗಳು ಅವರನ್ನು ಸಮಾಜ ಸುಧಾರಕಿಯೆಂದು ಪರಿಚಯಿಸಿದವು. ಅವರಾದರೋ ತಮ್ಮ ಕೆಲಸವನ್ನೆಲ್ಲ ದೇವರ ವಾಗ್ದಾನದ ನೆರವೇರಿಕೆಯೆಂದೇ ತಿಳಿದಿದ್ದರು. ಈ ಮಾತನ್ನು ಭಕ್ತಿಯ ಸೌಜನ್ಯವೆಂದು ಬದಿಗೆ ಸರಿಸುವುದು ಸುಲಭ. ಆದರೆ ಅದರ ಹಿಂದೆ ಕ್ರೈಸ್ತ ಚರಿತ್ರೆಯಷ್ಟೇ ಹಳೆಯದಾದ ಪ್ರಶ್ನೆಯೊಂದಿದೆ: ಕೊಡುತ್ತೇನೆಂದು ದೇವರೇ ಮಾತು ಕೊಟ್ಟಿದ್ದರೆ, ಪಡೆಯುವವನ ಪಾಲಿಗೆ ಉಳಿಯುವ ಕೆಲಸವೇನು?

ಪ್ರಶ್ನೆ ಹೊಸ ಒಡಂಬಡಿಕೆಯಲ್ಲಿಯೇ ಮೊಳೆತಿದೆ. ಅಬ್ರಹಾಮನಿಗೆ ಸಂತತಿಯ ವಾಗ್ದಾನವಾಯಿತು. ಅವನು ಅದನ್ನು ನಂಬಿದ್ದರಿಂದಲೇ ನೀತಿವಂತನೆನಿಸಿದನು, ಕ್ರಿಯೆಗಳಿಂದಲ್ಲ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ವಾದಿಸುತ್ತಾನೆ. ಯಾಕೋಬನ ಪತ್ರಿಕೆ ಅದೇ ಅಬ್ರಹಾಮನನ್ನು ಮುಂದಿಟ್ಟುಕೊಂಡು, ಮಗನನ್ನು ಯಜ್ಞವೇದಿಯ ಮೇಲಿಟ್ಟ ಆ ಕ್ರಿಯೆಯಿಂದ ಅವನ ನಂಬಿಕೆ ಪೂರ್ಣವಾಯಿತೆಂದು ಹೇಳುತ್ತದೆ. ಐದನೆಯ ಶತಮಾನದ ಆರಂಭದಲ್ಲಿ ಅಗಸ್ಟೀನನೂ ಪೆಲಾಜಿಯಸನೂ ಕೃಪೆ ಮತ್ತು ಮಾನವ ಪ್ರಯತ್ನದ ಬಗೆಗೆ ನಡೆಸಿದ ವಾದದ ಬೇರು ಇಲ್ಲಿಯೇ ಇದೆ. ಹದಿನಾರನೆಯ ಶತಮಾನದಲ್ಲಿ ಲೂಥರನು ಪೌಲನ ಪಕ್ಷವನ್ನು ಎಷ್ಟು ಬಲವಾಗಿ ಹಿಡಿದನೆಂದರೆ, ಯಾಕೋಬನ ಪತ್ರಿಕೆಯ ಬೆಲೆಯನ್ನೇ ಇಳಿಸಿ ನೋಡಿದನು. ಪಂಡಿತರ ವಾದ ಅಷ್ಟಕ್ಕಿರಲಿ. ಈ ಪ್ರಶ್ನೆಗೆ ಅನ್ನ, ನೀರು, ಲೆಕ್ಕದ ಪುಸ್ತಕಗಳ ನಡುವೆ ಉತ್ತರ ಹುಡುಕಿದ ಇಬ್ಬರ ಬದುಕು ನಮಗೆ ಹೆಚ್ಚು ಹೇಳುತ್ತದೆ.

ಮೊದಲನೆಯವರು ಜಾರ್ಜ್ ಮುಲ್ಲರ್. 1805ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದ ಈತನ ತಂದೆ ಸರ್ಕಾರದ ತೆರಿಗೆ ವಸೂಲಿಯ ನೌಕರ. ಹತ್ತು ವರ್ಷ ತುಂಬುವ ಮೊದಲೇ ಹುಡುಗ ತಂದೆಯ ಬಳಿಯಿದ್ದ ಸರ್ಕಾರಿ ಹಣಕ್ಕೆ ಕೈಹಾಕುತ್ತಿದ್ದ; ಹದಿನಾರರಲ್ಲಿ ವಸತಿಗೃಹದ ಬಾಕಿ ತೀರಿಸದೆ ಸೆರೆಮನೆ ಕಂಡ. ಹಾಲೆ ನಗರದಲ್ಲಿ ವಿದ್ಯಾರ್ಥಿಯಾಗಿದ್ದಾಗ ಮನಸ್ಸು ತಿರುಗಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಫ್ರಾಂಕೆ ಎಂಬ ಭಕ್ತನು ದೊಡ್ಡ ಅನಾಥಾಲಯವೊಂದನ್ನು ಕಟ್ಟಿದ್ದು ಆ ಊರಿನಲ್ಲಿಯೇ. ತರಂಗಂಬಾಡಿಗೆ 1706ರಲ್ಲಿ ಬಂದಿಳಿದ ಝೀಗೆನ್‌ಬಾಲ್ಗ್ ಕೂಡ ಅದೇ ಹಾಲೆಯ ಪರಂಪರೆಯವನು.

ಮುಲ್ಲರ್ 1829ರಲ್ಲಿ ಇಂಗ್ಲೆಂಡಿಗೆ ಬಂದು, 1836ರಲ್ಲಿ ಬ್ರಿಸ್ಟಲ್‌ನಲ್ಲಿ ಅನಾಥ ಮಕ್ಕಳ ಮನೆಯೊಂದನ್ನು ತೆರೆದರು. ಎಂಬತ್ತೊಂದನೆಯ ಕೀರ್ತನೆಯಲ್ಲಿ, ಬಾಯನ್ನು ಅಗಲವಾಗಿ ತೆರೆದವನಿಗೆ ತುಂಬ ಉಣಿಸುವೆನೆಂದು ದೇವರು ಹೇಳುವ ಮಾತು ಅವರಿಗೆ ಆಧಾರವಾಗಿತ್ತು. ಯಾರಲ್ಲಿಯೂ ಹಣ ಬೇಡಕೂಡದು, ಸಾಲ ಮಾಡಕೂಡದು, ಅಗತ್ಯವನ್ನು ದೇವರಿಗೆ ಮಾತ್ರ ತಿಳಿಸಬೇಕು: ಇದು ಅವರ ನಿಯಮ. 1870ರ ಹೊತ್ತಿಗೆ ಆ್ಯಶ್ಲೆ ಡೌನ್ ದಿಣ್ಣೆಯ ಮೇಲೆ ಐದು ಭಾರಿ ಕಟ್ಟಡಗಳು ನಿಂತಿದ್ದವು. 1898ರಲ್ಲಿ ಅವರು ತೀರಿಕೊಳ್ಳುವವರೆಗೆ 10,000ಕ್ಕೂ ಹೆಚ್ಚು ಮಕ್ಕಳು ಆ ಮನೆಗಳಲ್ಲಿ ಬೆಳೆದರು.

ಕೈಕಟ್ಟಿ ಕುಳಿತು ಪಡೆದ ಪವಾಡವೆಂದು ಇದನ್ನು ಓದಿದರೆ ಅರ್ಧವನ್ನಷ್ಟೇ ಓದಿದಂತೆ. ಬಾಲ್ಯದಲ್ಲಿ ಹಣ ಕದಿಯುತ್ತಿದ್ದವನು ಬಂದ ಪ್ರತಿ ಪೆನ್ನಿಯನ್ನೂ ಬರೆದಿಟ್ಟನು, ವರ್ಷವರ್ಷವೂ ಲೆಕ್ಕ ಪ್ರಕಟಿಸಿದನು. ಆ ವರದಿಯೇ ಪರೋಕ್ಷ ಬೇಡಿಕೆಯಲ್ಲವೇ ಎಂಬ ಟೀಕೆ ಅಂದೂ ಇತ್ತು, ಇಂದೂ ಸಲ್ಲುತ್ತದೆ. ಸರ್ಕಾರಿ ಕಡತಗಳ ನಡುವೆ ವರ್ಷಗಳನ್ನು ಕಳೆದ ನಮಗೆ ಇದಕ್ಕಿಂತ ಹೆಚ್ಚು ಗಮನಾರ್ಹವೆನಿಸಿದ್ದು 1841ರ ಡಿಸೆಂಬರಿನ ಅವರ ನಿರ್ಧಾರ. ಅಂದು ಕೈಯಲ್ಲಿ ಹಣ ತೀರಾ ಕಡಿಮೆಯಿತ್ತು. ವರದಿ ಹೊರಬಂದರೆ ಜನ ಕೊರತೆಯನ್ನು ಅರಿತು ಕೊಟ್ಟಾರು ಎಂಬ ಕಾರಣಕ್ಕೆ ಅವರು ವಾರ್ಷಿಕ ಸಭೆಯನ್ನೂ ವರದಿಯನ್ನೂ ಕೆಲ ತಿಂಗಳು ಮುಂದೂಡಿದರು. ನಿಧಿ ಬರಲೆಂದು ವರದಿಯನ್ನು ಅವಸರಿಸುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

1857ರ ನವೆಂಬರ್ ಕೊನೆಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. 300 ಮಕ್ಕಳಿದ್ದ ಮೊದಲ ಕಟ್ಟಡದ ಬಾಯ್ಲರ್ ಸೋರತೊಡಗಿತು. ಸುತ್ತಲೂ ಇಟ್ಟಿಗೆಯ ಗೋಡೆ. ಅದನ್ನೊಡೆದು ದುರಸ್ತಿ ಮಾಡುವ ತನಕ ಬೆಂಕಿಯಿಲ್ಲ. ಹೊರಗೆ ಉತ್ತರದ ಕೊರೆಯುವ ಗಾಳಿ. ಮುಲ್ಲರ್ ದುರಸ್ತಿಯ ದಿನವನ್ನು ಗೊತ್ತುಮಾಡಿ, ಎರಡನ್ನು ಪ್ರಾರ್ಥಿಸಿದರು: ಗಾಳಿ ದಕ್ಷಿಣಕ್ಕೆ ತಿರುಗಲಿ, ಕೆಲಸಗಾರರಿಗೆ ಕೆಲಸದಲ್ಲಿ ಮನಸ್ಸು ಬರಲಿ. ಆ ದಿನ ದಕ್ಷಿಣದ ಗಾಳಿ ಬೀಸಿತೆಂದೂ, ಕೆಲಸಗಾರರು ತಾವಾಗಿಯೇ ರಾತ್ರಿಯಿಡೀ ದುಡಿಯಲು ಒಪ್ಪಿದರೆಂದೂ ಅವರು ದಾಖಲಿಸಿದ್ದಾರೆ. ಗಾಳಿಯ ಮಾತನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ನಾವು ಗುರುತಿಸಬೇಕಾದದ್ದು ಪ್ರಾರ್ಥನೆಯ ಎರಡನೆಯ ಭಾಗವನ್ನು. ಬಾಯ್ಲರ್ ತಾನಾಗಿ ಸರಿಹೋಗಲೆಂದು ಅವರು ಬೇಡಲಿಲ್ಲ. ರಿಪೇರಿಯವರನ್ನು ಕರೆಸಿದ ಮೇಲೆ ಅವರಿಗಾಗಿ ಬೇಡಿದರು.

ಇನ್ನು ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ, ಪತ್ನಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ವಿರೋಧ ಎದುರಿಸಿ ಕಾಡು ಸೇರಿದವರು. ಮುಂದೆ ಕುಟುಂಬ ಪುರಾಣಪ್ರವಚನ ಮಾಡುತ್ತ ದೇಶವೆಲ್ಲ ಅಲೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ವ್ರತ, ದಾನ, ಉಪವಾಸಗಳನ್ನೆಲ್ಲ ನಡೆಸಿದರೂ ದೇವರು ಒಲಿಯಲಿಲ್ಲ. ಕೂಲಿಗೆ ಹೋಗಲು ಕುಲದ ಅಭಿಮಾನ ಬಿಡಲಿಲ್ಲ. ಈ ನೋವನ್ನು 1907ರ ತಮ್ಮ ಆತ್ಮನಿವೇದನೆಯಲ್ಲಿ ಅವರು ಮುಚ್ಚಿಡದೆ ಬರೆದಿದ್ದಾರೆ. ನಂಬಿದವರ ಪಾಲಿನ ಕರ್ತವ್ಯವನ್ನೆಲ್ಲ ಸಲ್ಲಿಸಿಯೂ ಹಸಿವಿನಿಂದ ಸತ್ತವರ ಮಗಳು ಅವರು. ಆದ್ದರಿಂದ ವಾಗ್ದಾನವೆಂಬ ಪದ ಅವರ ಬಾಯಲ್ಲಿ ಅಗ್ಗದ್ದಾಗಿರಲು ಸಾಧ್ಯವಿರಲಿಲ್ಲ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಆದರೆ ಆಗ ದೊರೆತದ್ದು ಕ್ರೈಸ್ತಮತ, ಕ್ರಿಸ್ತನಲ್ಲ ಎಂಬುದು ಅವರದೇ ವಿಮರ್ಶೆ. ಅರ್ಹತೆಯಿಂದಲ್ಲ, ಕೃಪೆಯಿಂದ ಪಡೆಯುವುದೆಂಬ ಅರಿವು ಮೂಡಲು ಇನ್ನೂ ಎಂಟು ವರ್ಷ ಹಿಡಿಯಿತು. ಮುಂಬಯಿಯಲ್ಲಿ 1889ರಲ್ಲಿ ತೆರೆದು ಮರುವರ್ಷ ಪುಣೆಗೆ ತಂದ ಶಾರದಾ ಸದನಕ್ಕೆ ಅಮೆರಿಕದ ಸಂಘವೊಂದು ಹತ್ತು ವರ್ಷಗಳ ನೆರವನ್ನು ಒಪ್ಪಿಕೊಂಡಿತ್ತು. ಆ ಅವಧಿ ಮುಗಿಯುವ ಮುನ್ನ ಅವರು ಮುಲ್ಲರ್‌ರ ಚರಿತ್ರೆಯನ್ನು ಓದಿದರು. ಅಂಥ ಭರವಸೆ ಈ ನೆಲದಲ್ಲಿಯೂ ಸಾಧ್ಯವೇ ಎಂದು ಯೋಚಿಸಿದರು. ಜೊತೆಜೊತೆಗೆ ಕೇಡಗಾಂವ್‌ನಲ್ಲಿ ಜಮೀನು ಕೊಂಡರು, ಬಾವಿ ತೋಡಿಸಿದರು, ಸದನದ ಖರ್ಚಿಗೆ ಒದಗಲೆಂದು ಹಣ್ಣಿನ ತೋಟ ಹಾಕಿಸಿದರು. 1896-97ರ ಬರಗಾಲ ಮಧ್ಯಪ್ರಾಂತವನ್ನು ಬಡಿದಾಗ ತಾವೇ ಅಲ್ಲಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಹಿಂದೆ ತಮ್ಮ ಮನೆಯವರಿಗೆ ಯಾರೂ ಮಾಡದಿದ್ದ ಕೆಲಸವದು. 1900ರ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ 2,000ದ ಸಮೀಪ ಬಂತು. ಪ್ರಾರ್ಥನೆಯ ಪಕ್ಕದಲ್ಲಿಯೇ ಮಗ್ಗ, ಹೊಲ, ಮುದ್ರಣಾಲಯಗಳು ನಡೆದವು. ಬಂದ ಹುಡುಗಿಯರೇ ನಡೆಸಿದರು. 1897ರಲ್ಲಿ ಪುಣೆಯ ಪ್ಲೇಗ್ ವ್ಯವಸ್ಥೆಯಲ್ಲಿ ಹೆಣ್ಣುಮಕ್ಕಳಿಗಾದ ಅನ್ಯಾಯವನ್ನು ಕಂಡು, ದೇವರಲ್ಲಿ ಮೊರೆಯಿಟ್ಟು ಸುಮ್ಮನಿರದೆ ಪತ್ರಿಕೆಗೆ ಬರೆದರು.

ಎಲ್ಲವನ್ನೂ ಒಪ್ಪಬೇಕೆಂದೇನಿಲ್ಲ. ಹುಡುಗಿಯರ ಮೇಲೆ ಮತದ ಪ್ರಭಾವ ಬೀರುತ್ತಿದ್ದಾರೆಂಬ ಆಕ್ಷೇಪವೆದ್ದು, 1893ರಲ್ಲಿ ರಾನಡೆ ಮತ್ತು ಭಂಡಾರಕರ್ ಸದನದ ಸಲಹಾ ಮಂಡಳಿಯಿಂದ ಹೊರಬಂದಿದ್ದರು. 1896ರಲ್ಲಿ ರಮಾಬಾಯಿಯವರು ತಮ್ಮ ಬಳಿಯಿದ್ದ 15 ಮಂದಿ ವಿಶ್ವಾಸಿನಿಯರ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 225 ಆತ್ಮಗಳನ್ನು ಕೊಡೆಂದು ಪ್ರಾರ್ಥಿಸಿದರು. ಬರಗಾಲ ಬಂದದ್ದು ಅದರ ಬೆನ್ನಲ್ಲೇ. ಹಸಿದು ಬಂದ ಮಕ್ಕಳನ್ನು ಪ್ರಾರ್ಥನೆಗೆ ಸಂದ ಉತ್ತರವೆಂದು ಎಣಿಸುವುದು ನಮಗೆ ಇಂದಿಗೂ ಇರಿಸುಮುರಿಸು ತರುತ್ತದೆ. ಆದರೆ ಆ ಮಕ್ಕಳಿಗೆ ಅಂದು ಅನ್ನವಿಟ್ಟವರು ಯಾರೆಂಬುದನ್ನೂ ಮರೆಯಲಾಗದು.

ವಾಗ್ದಾನವನ್ನು ನಂಬಿದವರೆಲ್ಲರೂ ಅದರ ಫಲವನ್ನು ಕಂಡರೇ? ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ, ಫಲವನ್ನು ದೂರದಿಂದ ನೋಡಿ ಪಡೆಯದೆಯೇ ಸತ್ತವರನ್ನೂ ನಂಬಿಕೆಯ ವೀರರ ಸಾಲಿನಲ್ಲಿಯೇ ನಿಲ್ಲಿಸುತ್ತದೆ. ರಮಾಬಾಯಿಯವರ ಕೊನೆಯ ವರ್ಷಗಳಿಗೆ ಈ ಅಧ್ಯಾಯ ಒಪ್ಪುತ್ತದೆ. ತಮ್ಮ ನಂತರ ಮುಕ್ತಿಯನ್ನು ನಡೆಸಬೇಕಿದ್ದ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು. ತಾಯಿ ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಸರಳ ಮರಾಠಿಗೆ ತರುವ ಕೆಲಸದಲ್ಲಿ ತೊಡಗಿದ್ದರು, ಅದನ್ನು ನಿಲ್ಲಿಸಲಿಲ್ಲ. ಅನುವಾದ ಮುಗಿದ ಸ್ವಲ್ಪ ಕಾಲದಲ್ಲಿ, 1922ರ ಏಪ್ರಿಲ್ 5ರಂದು, ಅವರೂ ಹೊರಟುಹೋದರು.

ಮುಲ್ಲರ್‌ಗಾಗಲಿ ರಮಾಬಾಯಿಯವರಿಗಾಗಲಿ ನಂಬಿಕೆ ದುಡಿಮೆಗೆ ಬದಲಿಯಾಗಿರಲಿಲ್ಲ. ದುಡಿಮೆ ದೇವರಿಗೆ ತೆತ್ತ ಬೆಲೆಯೂ ಆಗಿರಲಿಲ್ಲ. ಕೊಡುವವನು ಕೊಡುತ್ತಾನೆಂದು ನಂಬಿದ್ದರಿಂದಲೇ, ಕೊಟ್ಟದ್ದನ್ನು ಇಡಲು ಪಾತ್ರೆ ಬೇಕೆಂದು ಅವರು ಮೊದಲೇ ಸಿದ್ಧವಾದರು. ಆ ಸಿದ್ಧತೆಯ ಒಂದು ತುಣುಕು ನಮ್ಮ ನಾಡಿಗೂ ಬಂದಿದೆ. ಮಗಳ ನೆರವಿನಿಂದ ರಮಾಬಾಯಿಯವರು 1912ರಲ್ಲಿ ಕಲಬುರಗಿಯಲ್ಲಿ ಶಾಲೆಯೊಂದನ್ನು ತೆರೆದರು. ಮನೋರಮಾ ಅದರ ಮುಖ್ಯಸ್ಥೆಯಾದಳು. ಕೇಡಗಾಂವ್ ಬಿಟ್ಟ ರೈಲು ಇಂದಿಗೂ ಅದೇ ಊರಿಗೆ ಹೋಗುತ್ತದೆ. ಮುಂದಿನ ಸಲ ಆ ದಾರಿಯಲ್ಲಿ ಸಾಗುವಾಗ, ದೌಂಡ್‌ಗೆ ಮುನ್ನ ಒಮ್ಮೆ ಕಿಟಕಿಯಿಂದ ಹೊರಗೆ ನೋಡೋಣ.